ಡೆಬಿಟ್ ಕಾರ್ಡಾ, ಕ್ರೆಡಿಟ್ ಕಾರ್ಡಾ? ಎರಡನ್ನೂ ಬಳಸಿ ನೋಡಿದ ಮೇಲೆ

ನೋಡೋಕೆ ಎರಡೂ ಒಂದೇ. ಅದೇ ಅಳತೆ, ಅದೇ ಚಿಪ್, ಮೆಷಿನ್‌ನಲ್ಲಿ ಅದೇ ಪಿನ್. ಡೆಬಿಟ್‌ನಲ್ಲಿ ಹೋಗುವುದು ನಮ್ಮ ಖಾತೆಯ ದುಡ್ಡು. ಕ್ರೆಡಿಟ್‌ನಲ್ಲಿ ಬ್ಯಾಂಕಿನ ದುಡ್ಡು, ಆಮೇಲೆ ನಾವು ತೀರಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಏನಾದರೂ ಎಡವಟ್ಟಾದರೆ ಯಾರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅನ್ನೋದು ಮಾತ್ರ ಬಳಸಿದ ಮೇಲೇ ಅರ್ಥವಾಗೋದು.

ಹೋಟೆಲ್‌ನಲ್ಲಿ ರೂಮ್ ಕೊಡುವಾಗ ಒಂದಿಷ್ಟು ಮೊತ್ತವನ್ನು ಹೋಲ್ಡ್ ಮಾಡುತ್ತಾರಲ್ಲ, ಅಲ್ಲಿ ಡೆಬಿಟ್ ಕಾರ್ಡ್ ಕೊಟ್ಟು ನೋಡಿದೆ. ಖಾತೆಯಲ್ಲಿ ದುಡ್ಡಿದೆ ಅಂತ ತೋರಿಸುತ್ತಿತ್ತು, ಖರ್ಚು ಮಾಡೋಕೆ ಹೋದರೆ ಬರುತ್ತಿರಲಿಲ್ಲ. ರೂಮ್ ಖಾಲಿ ಮಾಡಿ ಬಂದ ಮೇಲೂ ಅದು ಬಿಡುಗಡೆಯಾಗಲು ಕಾಯಬೇಕಾಯಿತು. ಮುಂದಿನ ಸಲ ಕ್ರೆಡಿಟ್ ಕಾರ್ಡ್ ಕೊಟ್ಟೆ. ಆಗಲೂ ಹೋಲ್ಡ್ ಬಿತ್ತು, ಆದರೆ ಕಡಿಮೆಯಾಗಿದ್ದು ಲಿಮಿಟ್ ಅಷ್ಟೇ. ಖಾತೆಯ ದುಡ್ಡಿಗೆ ಯಾರೂ ಕೈ ಹಾಕಲಿಲ್ಲ.

ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕಟ್ ಆದಾಗಲೂ ಇದೇ ಕಥೆ. ದೂರು ಎರಡರಲ್ಲೂ ಕೊಡಬಹುದು. ಆದರೆ ಡೆಬಿಟ್‌ನಲ್ಲಿ ದುಡ್ಡು ಆಗಲೇ ಹೋಗಿರುತ್ತದೆ, ವಾಪಸ್ ಬರಲಿ ಅಂತ ನಾವು ಕಾಯಬೇಕು. ಕ್ರೆಡಿಟ್‌ನಲ್ಲಿ ಅದಿನ್ನೂ ಬಿಲ್‌ನಲ್ಲಿರುವ ಒಂದು ಸಾಲು. ತಕರಾರು ಮಾಡೋಕೆ ನೆಮ್ಮದಿ ಜಾಸ್ತಿ.

ಹಾಗಾದರೆ ಕ್ರೆಡಿಟ್ ಕಾರ್ಡೇ ಮೇಲು ಅಲ್ವಾ? ಕೊನೆಯ ದಿನದೊಳಗೆ ಪೂರ್ತಿ ಬಿಲ್ ಕಟ್ಟುವವರಿಗೆ ಹೌದು. ಬಿಲ್‌ನಲ್ಲಿ 'ಮಿನಿಮಮ್ ಡ್ಯೂ' ಅಂತ ಒಂದು ಸಣ್ಣ ಮೊತ್ತ ಇರುತ್ತದೆ. ಅಷ್ಟೇ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇ. 3 ಅಂದರೆ ಸಣ್ಣದು ಅನಿಸುತ್ತದೆ. ಬಡ್ಡಿ ಮೇಲೆ ಬಡ್ಡಿ ಸೇರಿದರೆ ವರ್ಷಕ್ಕೆ ಶೇ. 42 ದಾಟುತ್ತದೆ! ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಡೆಬಿಟ್‌ನಲ್ಲಿ ಈ ತಲೆನೋವಿಲ್ಲ. ಖಾತೆ ಬರಿದಾದರೆ ಖರ್ಚು ಅಲ್ಲಿಗೆ ನಿಲ್ಲುತ್ತದೆ, ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ) ತೆಗೆದುಕೊಂಡಿರದಿದ್ದರೆ.

ರಿವಾರ್ಡ್ ಪಾಯಿಂಟ್ ನೋಡಿ ಕಾರ್ಡ್ ಆರಿಸುವುದು ಸುಮ್ನೆ. ಒಂದು ತಿಂಗಳ ಬಡ್ಡಿ ಬಿದ್ದರೆ ಅಷ್ಟೂ ಪಾಯಿಂಟ್ ನೀರುಪಾಲು. ಸಾಲದ ಇತಿಹಾಸ, ಅಂದರೆ ಸಾಲ ಹೇಗೆ ತೀರಿಸಿದ್ದೇವೆ ಅನ್ನೋ ದಾಖಲೆ, ಬೆಳೆಯೋದು ಮಾತ್ರ ಈ ಎರಡರಲ್ಲಿ ಕ್ರೆಡಿಟ್‌ನಿಂದಲೇ. ಡೆಬಿಟ್ ಎಷ್ಟು ಬಳಸಿದರೂ ಅದಕ್ಕೆ ಸೇರುವುದಿಲ್ಲ.

ನಾನೀಗ ಹೋಟೆಲ್, ಟಿಕೆಟ್, ಆನ್‌ಲೈನ್ ಖರೀದಿಗೆ ಕ್ರೆಡಿಟ್ ಕಾರ್ಡ್ ಬಳಸುತ್ತೇನೆ. ಪೂರ್ತಿ ಬಿಲ್‌ಗೆ ಆಟೋ ಪೇ ಹಾಕಿಟ್ಟಿದ್ದೇನೆ. ದಿನದ ಸಣ್ಣಪುಟ್ಟ ಖರ್ಚಿಗೆ, ಎಟಿಎಂಗೆ ಡೆಬಿಟ್ಟೇ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಶುಲ್ಕವೂ ಬೀಳುತ್ತದೆ, ಬಡ್ಡಿಯೂ ಅವತ್ತಿನಿಂದಲೇ ಶುರು.