14 ಅಡಿ ದೋಣಿಗೆ ಮೂರು ಸಲ ನೆಲ: ಮರವೋ, ಎಪಾಕ್ಸಿ ಮರವೋ, ಅಲ್ಯೂಮಿನಿಯಮ್ಮೋ?

ನಮ್ಮ ದೋಣಿ 14 ಅಡಿಯದು. ರಿವೆಟ್ ಹೊಡೆದ ಅಲ್ಯೂಮಿನಿಯಂ ಮೈ, ಅಡ್ಡಕ್ಕೆ ಮೂರು ಬೆಂಚು, ಹಿಂದೆ 15 ಎಚ್‌ಪಿ ಮೋಟಾರ್. ಅಮೆರಿಕದ ಮಿನ್ನೆಸೋಟಾ ರಾಜ್ಯದ ಕೆರೆಗಳಲ್ಲಿ ಎಲ್ಲಿ ನೋಡಿದರೂ ಇಂಥದ್ದೇ ದೋಣಿ. ಕೊಂಡಾಗ ಒಳಗೆ ನೆಲ ಅಂತ ಇರಲಿಲ್ಲ. ತಳದಲ್ಲಿ ಪಕ್ಕೆಲುಬಿನಂತೆ ಎದ್ದು ನಿಂತ ಪಟ್ಟಿಗಳ, ಅಂದರೆ ರಿಬ್‌ಗಳ ಮೇಲೇ ಕಾಲಿಡಬೇಕಿತ್ತು. ಅರ್ಧ ದಿನ ನಿಂತರೆ ಪಾದ ನೋಯುತ್ತಿತ್ತು. ಹಾಗಾಗಿ ಒಳಗೆ ಸಮತಟ್ಟಾದ ನೆಲ, ಮುಂದೆ ನಿಂತು ಗಾಳ ಎಸೆಯಲು ಒಂದು ಜಗಲಿ ಬೇಕು ಅನ್ನಿಸಿತು. ಇಲ್ಲಿ ಅದಕ್ಕೆ ಕಾಸ್ಟಿಂಗ್ ಡೆಕ್ ಅನ್ನುತ್ತಾರೆ.

ಒಂಬತ್ತು ವರ್ಷದಲ್ಲಿ ಇದೇ ದೋಣಿಗೆ ಮೂರು ಥರದ ನೆಲ ಹಾಕಿದ್ದೇನೆ. ಮೂರರ ಮೇಲೂ ನಿಂತು ಮೀನು ಹಿಡಿದಿದ್ದೇನೆ. ಹಳೇ ದೋಣಿ ಕೊಂಡು ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಮುಕ್ಕಾಲು ಇಂಚಿನ ಪ್ಲೈವುಡ್, ಮೇಲೆ ಕಾರ್ಪೆಟ್. ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ ಅಲ್ವಾ? ಅಂಗಡಿಯಲ್ಲಿ ಒಬ್ಬರು "ನೀರಲ್ಲಿ ಇರೋದಕ್ಕೆ ಟ್ರೀಟೆಡ್ ಪ್ಲೈವುಡ್ಡೇ ಸರಿ, ಕೊಳೆಯೋದಿಲ್ಲ" ಅಂದರು. ನಂಬಿ ತಂದೆ. ಆ ಮರ ಕೊಳೆಯದಂತೆ ಅದಕ್ಕೆ ಕುಡಿಸಿರುವುದು ತಾಮ್ರದ ಉಪ್ಪು. ಒದ್ದೆಯಾದಾಗ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಇದು ನನಗೆ ಗೊತ್ತಾಗಿದ್ದು ಎರಡು ಬೇಸಿಗೆ ಕಳೆದ ಮೇಲೆ. ಕಾರ್ಪೆಟ್ಟಿನ ಒಂದು ಮೂಲೆ ಎತ್ತಿದೆ. ಹಳಸಿದ ವಾಸನೆ ಬಂತು. ಕೆಳಗಿನ ಹಲಗೆ ತೆಗೆದಾಗ ರಿಬ್‌ಗಳ ಮೇಲೆ ಬಿಳೀ ಪುಡಿ, ಒದ್ದೆ ಸುಣ್ಣದ ಹಾಗೆ. ಬೆರಳಲ್ಲಿ ಒರೆಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳಿಗಳು. ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ತೂತು ಎಲ್ಲಿ ಬಿದ್ದಿದೆ ಅಂತ ನೋಡಲು ದೋಣಿಯನ್ನು ಟ್ರೇಲರ್ ಮೇಲೇ ಇಟ್ಟು ಒಳಗೆ ನಾಲ್ಕು ಬೆರಳು ನೀರು ಬಿಟ್ಟೆ. ಜಾಸ್ತಿ ಬಿಡಬಾರದು, ಆ ಭಾರ ಟ್ರೇಲರ್ ತಡೆಯೋದಿಲ್ಲ. ಕೆಳಗೆ ಮಲಗಿ ಟಾರ್ಚ್ ಹಿಡಿದು ಹನಿಯುವ ಕಡೆಯೆಲ್ಲ ಮಾರ್ಕರ್‌ನಿಂದ ಗುರುತು ಹಾಕಿದೆ. ಐದು ಕಡೆ ಸಿಕ್ಕಿತು. ಉಜ್ಜಿ, ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ ಸರಿ ಮಾಡಿದೆ. ಅಲ್ಯೂಮಿನಿಯಂ ದೋಣಿಯೊಳಗೆ ಟ್ರೀಟೆಡ್ ಮರದ ಒಂದು ಚೂರೂ ಬೇಡ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಾರ್ಪೆಟ್ಟಿನ ಬಗ್ಗೆಯೂ ಹೇಳಬೇಕು. ಕಾಲಿಗೆ ಮೆತ್ತಗೆ, ಸದ್ದಿಲ್ಲ, ಚೆನ್ನಾಗೇ ಇತ್ತು. ಆದರೆ ಒಮ್ಮೆ ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ. ಒಂದು ಸಂಜೆ ದೊಡ್ಡ ನಾರ್ದರ್ನ್ ಪೈಕ್ ಮೀನು ಒಳಗೆ ಬಿದ್ದು ಒದ್ದಾಡಿತು. ಅದರ ಬಾಯಿಯ ಮೂರು ಮೊನೆಯ ಗಾಳ ಕಾರ್ಪೆಟ್ಟಿಗೆ ಕಚ್ಚಿಕೊಂಡಿತು. ಮೀನು, ಗಾಳ, ಕಾರ್ಪೆಟ್ ಮೂರೂ ಒಟ್ಟಿಗೆ. ಮೀನನ್ನು ಬೇಗ ನೀರಿಗೆ ಬಿಡೋಣ ಅಂದರೆ ಬಿಡಿಸಲಾಗುತ್ತಿಲ್ಲ. ಕೊನೆಗೆ ಚಾಕುವಿನಿಂದ ಕಾರ್ಪೆಟ್ಟನ್ನೇ ಕತ್ತರಿಸಿದೆ. ಇನ್ನೊಂದು ಕಾರಣವೂ ಇದೆ. ಇಲ್ಲಿನ ಕೆರೆಗಳಲ್ಲಿ ಜೀಬ್ರಾ ಮಸಲ್ ಕಾಟ ಜಾಸ್ತಿ. ನಮ್ಮ ಕರಾವಳಿಯ ಪಚ್ಚಿಲೆಯಂತೆ ಕಾಣುವ ಪುಟ್ಟ ಚಿಪ್ಪುಜೀವಿ ಅದು, ಹೊರಗಿಂದ ಬಂದದ್ದು. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ದೋಣಿಯಲ್ಲಿ ಉಳಿದ ನೀರಿನ ಜೊತೆ ಇನ್ನೊಂದು ಕೆರೆಗೆ ಹೋಗುತ್ತದೆ. ಅದಕ್ಕೇ ಕೆರೆಯಿಂದ ಹೊರಡುವಾಗ ಡ್ರೈನ್ ಪ್ಲಗ್ (ನೀರು ಹೊರಬಿಡುವ ತೂತಿನ ಬಿರಡೆ) ತೆಗೆದು ನೀರು ಬಸಿಯಬೇಕು ಅಂತ ಈ ರಾಜ್ಯದ ಕಾನೂನು. ನೀರು ಹಿಡಿದಿಡುವ ಕಾರ್ಪೆಟ್ ಹಾಕಿಕೊಂಡು ಪ್ಲಗ್ ಮಾತ್ರ ತೆಗೆದರೆ ನನ್ನ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಎರಡನೇ ಸಲ ಅರ್ಧ ಇಂಚಿನ ಸಾದಾ, ಅಂದರೆ ಟ್ರೀಟ್ ಮಾಡದ, ಎಕ್ಸ್‌ಟೀರಿಯರ್ ಪ್ಲೈವುಡ್ ತಂದು ಎಪಾಕ್ಸಿ ಹಚ್ಚಿದೆ. ಈ ಕೆಲಸ ನನಗೆ ಹಿಡಿಸಿತು. ನಾನು ಕುಂದಾಪುರದ ಕಡೆಯವನು. ಮಳೆಗಾಲದಲ್ಲಿ ನಾಡದೋಣಿಗಳನ್ನು ದಡಕ್ಕೆ ಎಳೆದು ಗೇರೆಣ್ಣೆ ಹಚ್ಚುವುದನ್ನು ನೋಡಿ ಬೆಳೆದವನು. ಹಲಗೆಯ ಮುಖಕ್ಕಿಂತ ಕಡಿದ ತುದಿ ಎಣ್ಣೆ ಜಾಸ್ತಿ ಕುಡಿಯುತ್ತದೆ, ಅಲ್ಲಿಗೆ ಮತ್ತೆ ಮತ್ತೆ ಹಚ್ಚಬೇಕು ಅಂತ ಆಗಲೇ ಕಂಡಿದ್ದೆ. ಪ್ಲೈವುಡ್ಡಿಗೂ ಅದೇ ಲೆಕ್ಕ. ಮುಖಕ್ಕೆ ಎರಡು ಕೋಟ್, ಅಂಚಿಗೆ ನಾಲ್ಕು. ಸ್ಕ್ರೂ ಹೋಗುವ ಜಾಗದಲ್ಲಿ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯಬೇಕು. ಆಗ ನೀರು ಸ್ಕ್ರೂ ಹಿಡಿದು ಒಳಗಿಳಿದರೂ ಮರ ಸಿಗುವುದಿಲ್ಲ. ಎಪಾಕ್ಸಿ ಬಿಸಿಲಿಗೆ ತಾಳುವುದಿಲ್ಲ, ಆದ್ದರಿಂದ ಮೇಲೆ ಪೇಂಟ್ ಬೇಕೇ ಬೇಕು. ಪೇಂಟ್ ಹಸಿ ಇರುವಾಗಲೇ ಸಣ್ಣ ಮರಳು ಉದುರಿಸಿದೆ, ಕಾಲು ಜಾರದಂತೆ.

ಈ ನೆಲ ಐದು ವರ್ಷ ಬಾಳಿತು. ಹಿಂದಿನ ಒಂದು ಹಲಗೆ ಮಾತ್ರ ಹಾಳಾಯಿತು. ಸೀಸದ ತೂಕ ಬಿದ್ದು ಪೇಂಟ್ ಚಕ್ಕೆ ಎದ್ದಿತ್ತು, ನಾನು ಸುಮ್ನೆ ಬಿಟ್ಟಿದ್ದೆ. ಇಲ್ಲಿ ಚಳಿಗಾಲ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಹೋಗುತ್ತದೆ. ಒಳಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಪದರ ಪದರವಾಗಿ ಬಿಚ್ಚಿತು.

ಮೂರನೆಯದು ಈಗಿರುವ ಅಲ್ಯೂಮಿನಿಯಂ ನೆಲ. 5052 ಜಾತಿಯ ಹಾಳೆ, ಇಂಚಿನ ಹತ್ತನೇ ಒಂದು ಭಾಗ ದಪ್ಪ. ಮೇಲೆ ತಿಳಿಬೂದು ಬಣ್ಣದ, ರಬ್ಬರಿನಂತೆ ಮೆತ್ತಗಿರುವ ಇವಿಎ ಫೋಮ್ ಹಾಸು. ಎಲ್ಲರೂ ಅಲ್ಯೂಮಿನಿಯಂ ಹಗುರ ಅನ್ನುತ್ತಾರೆ. ತೂಕ ಹಾಕಿದಾಗ ನನಗೆ ಆಶ್ಚರ್ಯ ಆಯಿತು. ನಾಲ್ಕಡಿ ಎಂಟಡಿಯ ಅರ್ಧ ಇಂಚಿನ ಪ್ಲೈವುಡ್ ಸುಮಾರು 20 ಕೆ.ಜಿ. ಅಷ್ಟೇ ಅಳತೆಯ ಈ ಹಾಳೆಯೂ ಸುಮಾರು 20 ಕೆ.ಜಿ! ಮುಕ್ಕಾಲು ಇಂಚಿನ ಪ್ಲೈವುಡ್ ಮಾತ್ರ 30 ಕೆ.ಜಿ. ದಾಟುತ್ತದೆ. ಹಾಳೆಯಲ್ಲಿ ಉಳಿತಾಯ ಏನೂ ಇಲ್ಲ.

ಉಳಿತಾಯ ಇರುವುದು ಕೆಳಗಿನ ಚೌಕಟ್ಟಿನಲ್ಲಿ. ಮೊದಲು ನಾನು ಎರಡು-ನಾಲ್ಕು ಇಂಚಿನ (ಟೂ ಬೈ ಫೋರ್) ಮರದ ರೀಪು ಹಾಕಿದ್ದೆ. ಎಂಟಡಿಯ ಒಂದು ರೀಪು ನಾಲ್ಕು ಕೆ.ಜಿ. ಮೇಲೆ. ಒಂದೂವರೆ ಇಂಚಿನ ಅಲ್ಯೂಮಿನಿಯಂ ಆಂಗಲ್ (ಎಲ್ ಆಕಾರದ ಪಟ್ಟಿ) ಅಷ್ಟೇ ಉದ್ದಕ್ಕೆ ಒಂದೂವರೆ ಕೆ.ಜಿ. ಆರು ತುಂಡಿಗೆ 15 ಕೆ.ಜಿ. ಕಡಿಮೆ ಆಯಿತು. ನಮ್ಮ ದೋಣಿಯ ಒಳಗೆ ಹೊಡೆದಿರುವ ತಗಡಿನ ಪ್ರಕಾರ ಜನ, ಮೋಟಾರ್, ಸಾಮಾನು ಎಲ್ಲ ಸೇರಿ 870 ಪೌಂಡ್ ಮೀರಬಾರದು. ಅಂದರೆ ಸುಮಾರು 395 ಕೆ.ಜಿ. ನೆಲ, ಡೆಕ್ ಎಷ್ಟು ತೂಗುತ್ತದೋ ಅಷ್ಟು ಇದರಲ್ಲೇ ಕಳೆಯಬೇಕು. ಮೊದಲ ಸಲ ನಾನು ಮಾಡಿದ್ದು, ಕಾರ್ಪೆಟ್ ಒದ್ದೆಯಾದರೆ, ಒಬ್ಬ ಮನುಷ್ಯನ ಭಾರ ಇತ್ತು. ಮಗಳನ್ನು ಕರೆದುಕೊಂಡು ಹೋಗುವಾಗ ಆ ಲೆಕ್ಕ ಮನಸ್ಸಲ್ಲಿ ಕೂತೇ ಇರುತ್ತಿತ್ತು.

ಅಲ್ಯೂಮಿನಿಯಂ ನೆಲಕ್ಕೂ ಕೊರತೆ ಇದೆ. ಹಾಸು ಇಲ್ಲದಿದ್ದರೆ ಇಕ್ಕಳ ಬಿದ್ದರೂ ತಮಟೆ ಬಡಿದ ಹಾಗೆ ಕೇಳುತ್ತದೆ. ಜುಲೈ ಬಿಸಿಲಲ್ಲಿ ಬರಿಗಾಲು ಇಡಲು ಆಗುವುದಿಲ್ಲ. ಇವಿಎ ಹಾಸು ಎರಡನ್ನೂ ತಡೆಯಿತು. ಕಪ್ಪು ಹಾಸು ಮಾತ್ರ ತರಬೇಡಿ, ಅದೂ ಸುಡುತ್ತದೆ. ಖರ್ಚು ನನಗೆ ಎಪಾಕ್ಸಿ ನೆಲದ ಎರಡೂವರೆ ಪಟ್ಟು ಬಂತು.

ಡೆಕ್ ಎತ್ತರದಲ್ಲೂ ಎರಡು ಥರ ಮಾಡಿ ನೋಡಿದೆ. ಮೊದಲು ದೋಣಿಯ ಅಂಚಿನ ಮಟ್ಟಕ್ಕೇ ಕಟ್ಟಿದ್ದೆ. ನಿಂತರೆ ನೀರೊಳಗಿನ ಕಳೆ, ಮೀನು ಎಲ್ಲ ಕಾಣುತ್ತಿತ್ತು. ಆದರೆ ಒಮ್ಮೆ ಪಕ್ಕದಲ್ಲಿ ಸ್ಪೀಡ್‌ಬೋಟ್ ಹಾದುಹೋದಾಗ ಎದ್ದ ಅಲೆಗೆ ಗೆಳೆಯ ಆಯ ತಪ್ಪಿದ. ಹಿಡಿದುಕೊಳ್ಳಲು ಏನೂ ಇಲ್ಲ, ಮೊಣಕಾಲಿಗೆ ಆತುಕೊಳ್ಳಲು ಅಂಚೂ ಇಲ್ಲ. ಕೂತುಬಿಟ್ಟ, ಬಚಾವಾದ. ಈಗ ಡೆಕ್ ಅಂಚಿಗಿಂತ ಆರು ಇಂಚು ಕೆಳಗಿದೆ. ಕಾಣುವುದು ಸ್ವಲ್ಪ ಕಡಿಮೆ, ನಿಲ್ಲುವುದು ಎಷ್ಟೋ ಗಟ್ಟಿ. ಇಷ್ಟು ಚಿಕ್ಕ ದೋಣಿಯಲ್ಲಿ ನಾನು ಇನ್ನು ಎತ್ತರಕ್ಕೆ ಹೋಗುವುದಿಲ್ಲ.

ಬೆಂಚುಗಳನ್ನು ಕಿತ್ತು ಜಾಗ ಮಾಡಿಕೊಳ್ಳುವವರಿದ್ದಾರೆ. ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಅವು ದೋಣಿಯ ಎರಡು ಪಕ್ಕಗಳನ್ನು ಹಿಡಿದಿರುವ ತೊಲೆಗಳು. ಅದರೊಳಗೆ ತೇಲಿಸುವ ಫೋಮ್ ಕೂಡ ಇರುತ್ತದೆ. 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ (ಮೋಟಾರ್ ಹಿಂದೆ ಹೊರಗೆ ತೂಗುವ) ದೋಣಿ ನೀರು ತುಂಬಿದರೂ ಮಟ್ಟವಾಗಿ ತೇಲಬೇಕು ಅಂತ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ಇದೆ. ಆ ಫೋಮ್ ಇರುವುದು ಅದಕ್ಕೇ. ನಮ್ಮದರಲ್ಲಿ ಹಳೇ ಫೋಮ್ ನೀರು ಕುಡಿದು ಇಟ್ಟಿಗೆಯಷ್ಟು ಭಾರ ಆಗಿತ್ತು. ಅದನ್ನು ತೆಗೆದು ಮನೆ ಗೋಡೆಗೆ ಹಾಕುವ ಗಟ್ಟಿ ಎಕ್ಸ್‌ಪಿಎಸ್ ಫೋಮ್ ಹಲಗೆ ಕತ್ತರಿಸಿ ತುಂಬಿದೆ. ಒಂದು ಘನ ಅಡಿ ಫೋಮ್ ಸುಮಾರು 27 ಕೆ.ಜಿ. ಎತ್ತುತ್ತದೆ. ಪೆಟ್ರೋಲ್ ತಾಗಿದರೆ ಅದು ಕರಗಿಹೋಗುತ್ತದೆ, ಟ್ಯಾಂಕ್ ದೂರ ಇಡಬೇಕು. ದ್ರವವಾಗಿ ಸುರಿದರೆ ಉಬ್ಬಿ ಗಟ್ಟಿಯಾಗುವ ಫೋಮ್ ನೆಲದ ಕೆಳಗೆ ಹಾಕಿದವರದ್ದೂ ನೋಡಿದ್ದೇನೆ. ರಿಬ್‌ಗಳ ನಡುವೆ ನೀರು ಹರಿಯುವ ದಾರಿಯೇ ಮುಚ್ಚಿಹೋಗಿತ್ತು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಚೌಕಟ್ಟಿಗೆ ಕಣ್ಣು ಮುಚ್ಚಿಕೊಂಡು ಅಲ್ಯೂಮಿನಿಯಂ ಆಂಗಲ್. ರಿವೆಟ್ ಬೆಂಚಿಗೆ, ರಿಬ್‌ಗೆ ಹೊಡೆಯಿರಿ, ಹೊರಮೈಗೆ ಮಾತ್ರ ತೂತು ಹಾಕಬೇಡಿ. ನೆಲಕ್ಕೆ ಕೈಯಲ್ಲಿ ದುಡ್ಡಿದ್ದರೆ ಹಾಳೆ, ಇಲ್ಲದಿದ್ದರೆ ಎಪಾಕ್ಸಿ ಪ್ಲೈವುಡ್. ಡೆಕ್‌ನ ಮುಚ್ಚಳಗಳಿಗಂತೂ ಈಗಲೂ ನನಗೆ ಪ್ಲೈವುಡ್ಡೇ ಇಷ್ಟ. ಬಾಗುವುದಿಲ್ಲ, ಗಲಗಲ ಅನ್ನುವುದಿಲ್ಲ, ಹಾಳಾದರೆ ಒಂದು ಮಧ್ಯಾಹ್ನದಲ್ಲಿ ಹೊಸದು ಮಾಡಬಹುದು. ಏನೇ ಹಾಕಿದರೂ ಡ್ರೈನ್ ಪ್ಲಗ್ಗಿನ ಮೇಲೆ ಕೈ ಹೋಗುವಷ್ಟು ದೊಡ್ಡ ಮುಚ್ಚಳ ಬಿಡಿ. ನಾನು ಬಿಟ್ಟಿದ್ದು ಚಿಕ್ಕದಾಯಿತು. ಕೈಗವಸು ಹಾಕಿಕೊಂಡರೆ ಕೈ ಹೋಗುವುದಿಲ್ಲ, ಅಕ್ಟೋಬರ್ ಚಳಿಯಲ್ಲಿ ಬರಿಗೈ ತಣ್ಣೀರಿಗೆ ಇಳಿಸಬೇಕು. ಈ ಸಲ ಮೇ ತಿಂಗಳ ವಾಲೈ ಮೀನಿನ ಸೀಸನ್ ಶುರುವಾಗುವ ಮೊದಲು ಅದನ್ನು ದೊಡ್ಡದು ಮಾಡಬೇಕು. ರಟ್ಟಿನ ಅಳತೆ ಆಗಲೇ ಕತ್ತರಿಸಿಟ್ಟಿದ್ದೇನೆ.