ಹಿರಿಯರ ಮುಂದೆಯೋ, ಆಪ್ತಸಮಾಲೋಚಕರ ಬಳಿಯೋ: ದಂಪತಿ ಮನಬಿಚ್ಚಿ ಮಾತನಾಡಲು ಎರಡು ದಾರಿ

ಗಂಡ ಹೆಂಡಿರ ಮಾತು ಮನೆಸಾಮಾನು, ಶಾಲೆಯ ಶುಲ್ಕ, ಸಾಲದ ಕಂತುಗಳಿಗಷ್ಟೇ ಇಳಿದು, ಒಳಗಿನ ನೋವನ್ನು ಹೇಳಿಕೊಳ್ಳಲಾಗದೆ ಹೋದಾಗ ಮೂರನೆಯವರ ನೆರವು ಬೇಕಾಗುತ್ತದೆ.

ಮನೆಯ ಹಿರಿಯರಿಗೆ ಇಬ್ಬರ ಸ್ವಭಾವವೂ ಗೊತ್ತು, ಖರ್ಚೂ ಇಲ್ಲ. ತಂದೆತಾಯಿಯರನ್ನು ನೋಡಿಕೊಳ್ಳುವ ಹೊಣೆ, ಹಣದ ಹಂಚಿಕೆ ಮೊದಲಾದ ತಕರಾರುಗಳಲ್ಲಿ ಅವರ ಮಾತು ಬೇಗ ಫಲ ಕೊಡುತ್ತದೆ. ಆದರೆ ಅವರ ಗುರಿ ಸಾಮಾನ್ಯವಾಗಿ ರಾಜಿ. "ಹೊಂದಿಕೊಂಡು ಹೋಗಿ" ಎಂಬ ಬುದ್ಧಿಮಾತಿನ ಭಾರ ಹೆಚ್ಚಾಗಿ ಸೊಸೆಯ ಮೇಲೆಯೇ ಬೀಳುತ್ತದೆ, ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಆಪ್ತಸಮಾಲೋಚಕರು ತೀರ್ಪು ಕೊಡುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಮರಳಿ ಹೇಳಿ, ಸರಿಯಾಗಿ ಗ್ರಹಿಸಿದೆನೇ ಎಂದು ಕೇಳುವ ಅಭ್ಯಾಸ ಮಾಡಿಸುತ್ತಾರೆ. "ನೀವು ಯಾವಾಗಲೂ ಹೀಗೆಯೇ" ಎಂಬ ಆರೋಪದ ಜಾಗದಲ್ಲಿ "ನೀವು ಫೋನು ನೋಡುತ್ತಲೇ ಉತ್ತರಿಸಿದಾಗ ನಾನು ಒಂಟಿ ಅನ್ನಿಸುತ್ತದೆ" ಎಂದು ಹೇಳಲು ಕಲಿಸುತ್ತಾರೆ. ಗೋಪ್ಯತೆ ಅವರ ವೃತ್ತಿಧರ್ಮ. ಖಾಸಗಿಯಾಗಿ ಹೋದರೆ ಶುಲ್ಕವೂ ಹಲವು ಭೇಟಿಗಳೂ ಬೇಕಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಯ ಸೌಲಭ್ಯವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ತಕರಾರು ವ್ಯವಹಾರದ್ದಾದರೆ ಪಕ್ಷಪಾತವಿಲ್ಲದ ಒಬ್ಬ ಹಿರಿಯರು ಸಾಕು. ಮನಸ್ಸುಗಳೇ ದೂರವಾಗಿದ್ದರೆ ಸಮಾಲೋಚಕರನ್ನೇ ಆರಿಸಿಕೊಳ್ಳಿ. ಸಂಗಾತಿ ಒಪ್ಪದಿದ್ದರೆ ಒಬ್ಬರೇ ಹೋಗಿ ಆರಂಭಿಸಬಹುದು. ಹೊಡೆತ, ಬೆದರಿಕೆಗಳಿದ್ದಲ್ಲಿ ಮಾತ್ರ ಜೊತೆಯಾಗಿ ಕೂತು ಮಾತನಾಡುವ ಎರಡು ದಾರಿಗಳೂ ಸುರಕ್ಷಿತವಲ್ಲ: ಮಹಿಳೆಯರು ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಬಹುದು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಯ ನೆರವನ್ನೂ ಪಡೆಯಬಹುದು.