ತಕೆದಾ ಕೋಟೆ: ಮೋಡ ಒಂದು ಬೆಟ್ಟದಲ್ಲಿ, ಕಲ್ಲು ಇನ್ನೊಂದು ಬೆಟ್ಟದಲ್ಲಿ

ಮೋಡದ ಮೇಲೆ ತೇಲುತ್ತಿರುವ ಕಲ್ಲಿನ ಕೋಟೆಯ ಫೋಟೊ ನೋಡಿಯೇ ಹೆಚ್ಚಿನವರು ಜಪಾನಿನ ಹ್ಯೋಗೊ ಪ್ರಾಂತ್ಯದ ತಕೆದಾಗೆ ಹೊರಡುತ್ತಾರೆ. ಆ ಫೋಟೊ ತೆಗೆಯುವುದು ಕೋಟೆಯಿಂದಲ್ಲ, ಕಣಿವೆಯ ಆಚೆ ಬದಿಯ ಅಸಾಗೊ ಬೆಟ್ಟದಲ್ಲಿರುವ ರಿತ್ಸುಉನ್ಕ್ಯೋ ಎಂಬ ಜಾಗದಿಂದ. ಅದರ ದಾರಿ ಬೇರೆ, ಶುಲ್ಕವೂ ಬೇರೆ. ಇದನ್ನು ವಿಚಾರಿಸದೆ ನಸುಕಿನಲ್ಲೇ ಕೋಟೆ ಹತ್ತಿದವರಿಗೆ ಒಳ್ಳೆಯ ದಿನವಾದರೆ ಕಾಲಡಿಯ ಮೋಡ ಕಾಣುತ್ತದೆ. ಕೆಟ್ಟ ದಿನವಾದರೆ ಹತ್ತು ಮಾರು ಆಚೆಯ ಗೋಡೆಯೂ ಕಾಣುವುದಿಲ್ಲ. ತೇಲುವ ಕೋಟೆ ಮಾತ್ರ ಎರಡು ದಿನವೂ ಕಾಣುವುದಿಲ್ಲ, ಏಕೆಂದರೆ ಅವರು ನಿಂತಿರುವುದೇ ಅದರ ಮೇಲೆ.

ಮೊದಲು ಮೋಡದ ಲೆಕ್ಕ. ಇದು ನಿಜದಲ್ಲಿ ಮಾರುಯಾಮ ನದಿಯ ಕಣಿವೆಯಲ್ಲಿ ಕಟ್ಟುವ ಮಂಜು. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಇದರ ಕಾಲ. ಹಗಲು ಬೆಚ್ಚಗಿದ್ದು, ರಾತ್ರಿ ಆಕಾಶ ತಿಳಿಯಾಗಿ ನೆಲ ಬೇಗ ತಣಿಯಬೇಕು, ಗಾಳಿ ಬೀಸಬಾರದು, ಹವೆಯಲ್ಲಿ ತೇವ ಇರಬೇಕು. ಹಿಂದಿನ ದಿನ ಮಳೆ ಬಂದು ಸಂಜೆಗೆ ತೆರಪಾದರೆ ಆಸೆ ಇಟ್ಟುಕೊಳ್ಳಬಹುದು. ರಾತ್ರಿಯಿಡೀ ಮೋಡ ಕವಿದಿದ್ದರೆ ಅಥವಾ ಗಾಳಿ ಇದ್ದರೆ ಮಲಗಿರುವುದೇ ವಾಸಿ. ಮಂಜು ವಿಪರೀತ ದಟ್ಟವಾದರೂ ಕೆಲಸ ಕೆಡುತ್ತದೆ: ಕೋಟೆಯಿರುವುದು 353.7 ಮೀಟರ್ ಎತ್ತರದಲ್ಲಿ, ಮಂಜು ಅದನ್ನೂ ಮುಳುಗಿಸಿದರೆ ಎದುರಿನಿಂದ ನೋಡಲು ಏನೂ ಇರುವುದಿಲ್ಲ. ಆಗ ಇಳಿದು ಬರಬೇಡಿ. ಬಿಸಿಲು ತಾಗಿದ ಮೇಲೆ ಮಂಜು ಕುಗ್ಗುತ್ತಾ ಗೋಡೆಗಳು ಒಂದೊಂದಾಗಿ ಹೊರಬರುವುದು ಏಳರಿಂದ ಎಂಟು ಗಂಟೆಯ ನಡುವೆ, ಅವಸರದವರು ಅಷ್ಟರಲ್ಲಿ ಪಾರ್ಕಿಂಗ್ ತಲುಪಿರುತ್ತಾರೆ.

ರಿತ್ಸುಉನ್ಕ್ಯೋದ ವೀಕ್ಷಣಾ ತಾಣಗಳ ಸಂಖ್ಯೆ ತಲೆಕೆಳಗಾಗಿದೆ. 3ನೆಯದು ಪಾರ್ಕಿಂಗ್‌ನಿಂದ ಐದು ನಿಮಿಷ, 2ನೆಯದು ಇಪ್ಪತ್ತು ನಿಮಿಷ, ತುತ್ತತುದಿಯ 1ನೆಯದಕ್ಕೆ ನಲವತ್ತು ನಿಮಿಷದ ಏರು. ಕೋಟೆಯನ್ನು ಕೆಳನೋಟದಲ್ಲಿ, ಗೋಡೆಗಳ ಪೂರ್ತಿ ನಕ್ಷೆ ತಿಳಿಯುವಂತೆ ನೋಡಬೇಕಾದರೆ 1ನೆಯದೇ ಬೇಕು. ಕೆಳಗಿನ ತಾಣದಲ್ಲಿ ನೀವೇ ಮಂಜಿನೊಳಗೆ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಅಕ್ಟೋಬರ್ ನಡುವಿನಲ್ಲಿ ಇಲ್ಲಿ ಸೂರ್ಯೋದಯ ಆರು ಗಂಟೆ ದಾಟಿದ ಮೇಲೆ, ನವೆಂಬರ್ ನಡುವಿನಲ್ಲಿ ಆರೂವರೆಯ ಹೊತ್ತಿಗೆ. ಅದಕ್ಕೆ ಒಂದು ಗಂಟೆ ಮುಂಚೆ ಹತ್ತಲು ಶುರುಮಾಡಿ. ತಲೆಗೆ ಕಟ್ಟುವ ಟಾರ್ಚ್ ಇರಲಿ, ಮೊಬೈಲ್ ಬೆಳಕಿನಲ್ಲಿ ಒದ್ದೆ ಮೆಟ್ಟಿಲು ಹತ್ತುವುದು ಅಪಾಯ. ಹತ್ತುವಾಗ ಬೆವರುತ್ತದೆ, ನಿಂತ ಮೇಲೆ ನಡುಗಿಸುತ್ತದೆ. ಬದಲಿಸಲು ಒಣ ಬನಿಯನ್ ಒಯ್ದವರು ಬುದ್ಧಿವಂತರು.

ಇನ್ನು ಕೋಟೆ. ಮಾರುಕಟ್ಟೆಯಲ್ಲಿ ಓಡುವುದು ಮೋಡದ ಫೋಟೊ, ಆದರೆ ದುಡ್ಡು, ಸಮಯ ಎರಡಕ್ಕೂ ಸರಿಯಾದ ಬೆಲೆ ಸಿಗುವುದು ಕಲ್ಲಿನಲ್ಲಿ. 1441ರಲ್ಲಿ ಈ ಸೀಮೆಯ ಒಡೆಯ ಯಾಮಾನಾ ಸೋಜೆನ್ ಇಲ್ಲಿ ಕೋಟೆ ಶುರುಮಾಡಿಸಿದ ಎನ್ನುತ್ತದೆ ಸ್ಥಳೀಯ ಇತಿಹಾಸ. ಅದು ಮಣ್ಣು, ಮರದ ಕೋಟೆ. ಈಗ ಕಾಣುವ ಕಲ್ಲಿನ ಗೋಡೆಗಳು 16ನೇ ಶತಮಾನದ ಕೊನೆಯವು, ಕಡೆಯ ಒಡೆಯ ಅಕಾಮಾತ್ಸು ಹಿರೋಹಿದೆಯ ಕಾಲದವು. 1600ರ ಸೆಕಿಗಹಾರ ಯುದ್ಧದಲ್ಲಿ ಅವನು ಸೋಲುವ ಪಕ್ಷದಲ್ಲಿದ್ದ. ಬಳಿಕ ಗೆದ್ದವರ ಕಡೆ ಸೇರಿದ, ಆದರೆ ಅವರಿಗಾಗಿ ಹೋದ ತೊತ್ತೊರಿ ಕೋಟೆಯ ಮುತ್ತಿಗೆಯಲ್ಲಿ ಊರಿಗೆ ಬೆಂಕಿ ಬಿದ್ದುದರ ಹೊಣೆ ಅವನ ತಲೆಗೆ ಕಟ್ಟಿ ಹೊಟ್ಟೆ ಬಗೆದುಕೊಂಡು ಸಾಯುವಂತೆ ಮಾಡಿದರು. ಕೋಟೆ ಪಾಳುಬಿತ್ತು. ಹೊಸ ಗೋಡೆ ಕಟ್ಟಿ ಮುಗಿಯುವ ಹೊತ್ತಿಗೆ ಕೋಟೆಯ ಕಥೆಯೂ ಮುಗಿದಿದ್ದರಿಂದಲೇ, ನಂತರದವರ ಕೈವಾಡವಿಲ್ಲದೆ ಇಡೀ ವಿನ್ಯಾಸ ಉಳಿದಿದೆ: ಉತ್ತರ ದಕ್ಷಿಣಕ್ಕೆ ಸುಮಾರು 400 ಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 100 ಮೀಟರ್. ಕಟ್ಟಡ ಒಂದೂ ಇಲ್ಲ. ಗೋಪುರ, ಒಳಕೋಣೆ ಬೇಕಾದವರು ದಾರಿಯಲ್ಲಿ ಸಿಗುವ ಹಿಮೇಜಿ ನಗರದ ಕೋಟೆಗೇ ಇಳಿಯಲಿ.

ಗೋಡೆ ಕಟ್ಟಿರುವುದು ಅನೋ ಶೈಲಿಯಲ್ಲಿ. ಕಲ್ಲನ್ನು ಚೌಕಾಕಾರಕ್ಕೆ ಕೆತ್ತದೆ, ಸಿಕ್ಕ ಆಕಾರದಲ್ಲೇ ಒಂದರ ಮೇಲೊಂದು ಕೂರಿಸಿ, ಸಂದಿಗೆ ಚಿಕ್ಕ ಕಲ್ಲು ತುರುಕಿದ್ದಾರೆ. ಗಾರೆ ಇಲ್ಲ. ಹಿಂದೆ ಜಲ್ಲಿಕಲ್ಲು ತುಂಬಿರುವುದರಿಂದ ಮಳೆನೀರು ಗೋಡೆಯನ್ನು ದಬ್ಬದೆ ಸಂದಿಗಳಿಂದ ಹರಿದುಹೋಗುತ್ತದೆ. ಉತ್ತರದ ತುದಿಯ ಕಿತಾ ಸೆಂಜೊ ಎಂಬ ಬಯಲನ್ನು ದಾಟಿ ಒಳಗೆ ಹೋಗುವಾಗ ಯಾವುದಾದರೂ ಒಂದು ಮೂಲೆಯ ಬಳಿ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಒಂದು ವರಸೆಯಲ್ಲಿ ಉದ್ದ ಕಲ್ಲಿನ ಮೈ ಎಡಕ್ಕೆ ಚಾಚಿದ್ದರೆ ಅದರ ಮೇಲಿನದು ಬಲಕ್ಕೆ, ಮತ್ತೆ ಎಡಕ್ಕೆ. ಎರಡೂ ಗೋಡೆಗಳನ್ನು ಹೀಗೆ ಹೆಣೆದಿರುವುದರಿಂದಲೇ ಮೂಲೆ ಬಾಯಿಬಿಟ್ಟಿಲ್ಲ. ಗೋಡೆಯ ನಡುಭಾಗದಲ್ಲಿ ಇಷ್ಟು ಶಿಸ್ತು ಇಲ್ಲ, ಅಲ್ಲಿ ಹೇಗೆ ಕೂತರೂ ನಡೆಯುತ್ತದೆ. ಕೆಲವು ಕಡೆ 20ನೇ ಶತಮಾನದಲ್ಲಿ ದುರಸ್ತಿ ಆಗಿದೆ.

ದಾರಿ ಏಕಮುಖ. ಉತ್ತರದಿಂದ ಮೂರನೇ ಅಂಗಳ, ಎರಡನೇ ಅಂಗಳ, ಬೆಟ್ಟದ ನೆತ್ತಿಯ ಮುಖ್ಯ ಅಂಗಳ ದಾಟಿ ದಕ್ಷಿಣದ ಮಿನಾಮಿ ಸೆಂಜೊ ಕಡೆಗೆ ಇಳಿಯಬೇಕು. ಮರಳಿ ಹಿಂದಕ್ಕೆ ಬಿಡುವುದಿಲ್ಲ, ಹಾಗಾಗಿ ಆಮೇಲೆ ನೋಡೋಣ ಎಂದು ಯಾವುದನ್ನೂ ಬಿಟ್ಟು ಮುಂದೆ ಹೋಗಬೇಡಿ. ಮುಖ್ಯ ಅಂಗಳದಿಂದ ದಕ್ಷಿಣಕ್ಕೆ ಕಾಣುವ ಗೋಡೆಗಳ ಸಾಲು ಇಲ್ಲಿನ ಅತ್ಯುತ್ತಮ ನೋಟ. ಹಗ್ಗ ಕಟ್ಟಿ, ಚಾಪೆ ಹಾಸಿದ್ದಾರೆಂದು ಗೊಣಗುವವರಿದ್ದಾರೆ. ಒಂದು ದಶಕದ ಹಿಂದೆ ಜನ ಮುಗಿಬಿದ್ದಾಗ ಕಾಲ್ತುಳಿತಕ್ಕೆ ಮಣ್ಣು ಸವೆದು, ಹೂತಿದ್ದ ಹೆಂಚಿನ ಚೂರುಗಳು ಮೇಲೆದ್ದವು, ಗೋಡೆಗೂ ಅಪಾಯ ಬಂತು. ಹಗ್ಗ ಅದಕ್ಕೆ. ಗೋಡೆಯಂಚಿಗೆ ಎಲ್ಲ ಕಡೆ ಕಟಕಟೆ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಪ್ರವೇಶ ಶುಲ್ಕ ದೊಡ್ಡವರಿಗೆ 500 ಯೆನ್. ಶರತ್ಕಾಲದಲ್ಲಿ ಬೆಳಗಿನ 4ಕ್ಕೇ ಬಾಗಿಲು ತೆರೆಯುತ್ತದೆ, ಡಿಸೆಂಬರ್‌ನಲ್ಲಿ 10ರಿಂದ 2ರವರೆಗೆ ಮಾತ್ರ. ಹೊಸವರ್ಷದ ಮೊದಲ ದಿನಗಳು ಕಳೆದರೆ ಫೆಬ್ರವರಿ ಕೊನೆಯವರೆಗೆ ಹಿಮದ ಕಾರಣ ಮುಚ್ಚಿರುತ್ತದೆ. ವೇಳೆ ಆಗಾಗ ಬದಲಾಗುವುದುಂಟು, ಅಸಾಗೊ ನಗರಾಡಳಿತದ ಪುಟ ನೋಡಿಯೇ ಹೊರಡಿ.

ಹಿಮೇಜಿಯಿಂದ ಬಂತಾನ್ ಲೈನ್ ಹಿಡಿದು, ತೆರಮಾಯೆಯಲ್ಲಿ ಡೀಸೆಲ್ ರೈಲಿಗೆ ಬದಲಾಯಿಸಿ, ತಕೆದಾದಲ್ಲಿ ಇಳಿಯಬೇಕು. ಒಟ್ಟು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ, ಕೊಂಡಿ ರೈಲು ತಪ್ಪಿದರೆ ಇನ್ನೊಂದು ಗಂಟೆ ಸೇರಿಸಿ. ಗೇಟಿಗೆ ತಾಗಿಸುವ ರೈಲ್ವೆ ಕಾರ್ಡ್ ನೆಚ್ಚದೆ ಹಿಮೇಜಿಯಲ್ಲೇ ಕಾಗದದ ಟಿಕೆಟ್ ಕೊಳ್ಳಿ. ಬೆಳಗಿನ ಮೊದಲ ರೈಲು ಹಿಡಿದರೂ ಸೂರ್ಯೋದಯಕ್ಕೆ ಬೆಟ್ಟದ ಮೇಲಿರಲು ಆಗುವುದಿಲ್ಲ. ಮೋಡ ಬೇಕೆನ್ನುವವರು ತಕೆದಾದಲ್ಲೋ ಪಕ್ಕದ ವಾದಯಾಮದಲ್ಲೋ ತಂಗಲೇಬೇಕು, ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಡಬೇಕು. ರಿತ್ಸುಉನ್ಕ್ಯೋ ಮುಗಿಸಿ, ಇಳಿದು, ಹತ್ತು ಗಂಟೆಯ ಸುಮಾರಿಗೆ ಕೋಟೆಗೆ ಹೋಗುವ ಕ್ರಮ ಸರಿಹೋಗುತ್ತದೆ. ಆ ಹೊತ್ತಿಗೆ ಮಂಜೂ ಕರಗಿರುತ್ತದೆ.

ಕೋಟೆಗೆ ನಿಲ್ದಾಣದಿಂದ ತೆಂಕೂ ಬಸ್ ಇದೆ, ಚಳಿಗಾಲ ಬಿಟ್ಟು. ಬಸ್ ಇಳಿದ ಮೇಲೂ ಇಪ್ಪತ್ತು ನಿಮಿಷ ನಡಿಗೆ. ಕಾರಿನವರು ಯಾಮಾಜಿರೊ ನೊ ಸಾತೊ ಎಂಬ ಪಾರ್ಕಿಂಗ್ ತಾಣದಲ್ಲಿ ನಿಲ್ಲಿಸಿ ಡಾಂಬರು ದಾರಿಯಲ್ಲಿ ನಲವತ್ತು ನಿಮಿಷ ನಡೆಯಬೇಕು. ನಿಲ್ದಾಣದ ಹಿಂದಿನಿಂದ ಹತ್ತುವ ಕಾಲುದಾರಿಗೂ ನಲವತ್ತು ನಿಮಿಷವೇ, ಆದರೆ ಕಡಿದು. ಬುಡದಲ್ಲಿ ಜಿಂಕೆ, ಕಾಡುಹಂದಿ ತಡೆಯುವ ಬೇಲಿ ಗೇಟ್ ಇದೆ, ದಾಟಿದ ಮೇಲೆ ಮುಚ್ಚಿ. ಕರಡಿಗಳಿರುವ ಸೀಮೆ, ಚೀಲಕ್ಕೊಂದು ಗಂಟೆ ಕಟ್ಟಿ. ಬಸ್‌ನಲ್ಲಿ ಹೋಗಿ ಕಾಲುದಾರಿಯಲ್ಲಿ ಇಳಿಯುವುದು ಎಲ್ಲಕ್ಕಿಂತ ಚೆನ್ನ, ಮಳೆ ಬಂದಿದ್ದರೆ ಮಾತ್ರ ಬೇಡ. ಮೇಲೆ ಶೌಚಾಲಯ, ಅಂಗಡಿ ನಂಬಬೇಡಿ.

ಸಸ್ಯಾಹಾರಿಗಳಿಗೆ ಊರಿನಲ್ಲಿ ಕಷ್ಟ. ಇಲ್ಲಿನ ಹೆಮ್ಮೆ ತಾಜಿಮಾ ಗೋಮಾಂಸ, ತರಕಾರಿ ಸಾರಿಗೂ ದಾಶಿ ಎಂಬ ಮೀನಿನ ರಸ ಬಿದ್ದಿರುತ್ತದೆ. ಹಿಮೇಜಿಯಲ್ಲೇ ಉಮೆ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿ ಹಾಕಿದ ಅನ್ನದುಂಡೆ, ಹಣ್ಣು, ನೀರು ಕಟ್ಟಿಸಿಕೊಳ್ಳಿ. ಚಳಿಗಾಲಕ್ಕೆ ಬಂದವರು ಇವಾತ್ಸು ನೆಗಿ ಎಂಬ ಸ್ಥಳೀಯ ಈರುಳ್ಳಿ ದಂಟನ್ನು ಸುಟ್ಟು ಕೊಟ್ಟರೆ ಬಿಡಬೇಡಿ.

ಮಂಡಿನೋವಿನ ಹಿರಿಯರನ್ನು ಕೋಟೆಗೆ ಕರೆದೊಯ್ಯುವ ಮುನ್ನ ಯೋಚಿಸಿ, ಒಳಗಿನ ಮೆಟ್ಟಿಲುಗಳು ಎತ್ತರ ತಗ್ಗು, ಅಗಲವೂ ಒಂದೇ ಸಮ ಇಲ್ಲ, ಮಧ್ಯದಲ್ಲಿ ಹಿಂದಿರುಗಲೂ ಆಗುವುದಿಲ್ಲ. ಅಂಥವರಿಗೆ ಟ್ಯಾಕ್ಸಿಯಲ್ಲಿ ಹೋಗಿ ರಿತ್ಸುಉನ್ಕ್ಯೋದ 3ನೇ ತಾಣದಿಂದ ನೋಡುವುದೇ ಸರಿ.